ನೊರೆ ಕಂಡ ಕೂಡಲೇ ಪ್ರೆಶರ್ ಇಳಿಸಬೇಡಿ: ಬೆಂಗಳೂರಿನ ಎತ್ತರಕ್ಕೆ ತಕ್ಕ ಡ್ರಾಫ್ಟ್ ಬಿಯರ್ ಗ್ಯಾಸ್ ಲೆಕ್ಕ

ಟ್ಯಾಪಿನಿಂದ ಬಿಯರ್ ಬದಲು ನೊರೆ ಸುರಿಯತೊಡಗಿದರೆ ಬಹಳಷ್ಟು ಕೌಂಟರುಗಳಲ್ಲಿ ಮೊದಲು ಕೈ ಹೋಗುವುದು ರೆಗ್ಯುಲೇಟರಿನ ತಿರುಪಿಗೆ. ‘ಪ್ರೆಶರ್ ಜಾಸ್ತಿಯಾಗಿದೆ, ಇಳಿಸು’ ಎಂಬುದು ವಾಡಿಕೆಯ ಮಾತು. ಇಳಿಸಿದ ಮೇಲೆ ಸ್ವಲ್ಪ ಹೊತ್ತು ಎಲ್ಲ ಸರಿಹೋದಂತೆ ಕಾಣುತ್ತದೆ. ಅಷ್ಟರಲ್ಲಿ ಪೈಪಿನೊಳಗೆ ಗುಳ್ಳೆ ಏಳತೊಡಗಿ ನೊರೆ ಮೊದಲಿಗಿಂತ ಹೆಚ್ಚುತ್ತದೆ. ಹಾಗೇ ಬಿಟ್ಟರೆ ಕೆಗ್ಗಿನಲ್ಲಿ ಉಳಿದ ಬಿಯರ್ ದಿನದಿಂದ ದಿನಕ್ಕೆ ಚಪ್ಪೆಯಾಗುತ್ತದೆ. ನೊರೆಯಾಗಿ ಚರಂಡಿಗೆ ಹೋದದ್ದೂ ನಷ್ಟ, ಚಪ್ಪೆಯಾಗಿ ಉಳಿದದ್ದೂ ನಷ್ಟ.

ಬೆಂಗಳೂರಿಗೂ ಬಿಯರಿಗೂ ನಂಟು ಹಳೆಯದು. ಯುನೈಟೆಡ್ ಬ್ರೂವರೀಸ್ ರೂಪುಗೊಂಡದ್ದು 1915ರಲ್ಲಿ. 1980ರ ದಶಕದ ಕೊನೆಯಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಯ ಪಬ್ಬುಗಳು ಊರಿಗೆ ‘ಪಬ್ ಸಿಟಿ’ ಎಂಬ ಹೆಸರು ತಂದವು. 2010-11ರ ಹೊತ್ತಿಗೆ ಇಂದಿರಾನಗರದ ಟಾಯ್ಟ್, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್ ಮುಂತಾದ ಮೈಕ್ರೋಬ್ರೂವರಿಗಳು ಶುರುವಾದವು. ಅಲ್ಲಿಂದ ಈಚೆಗೆ ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಕಡೆಗೂ ಡ್ರಾಫ್ಟ್ ಟ್ಯಾಪುಗಳು ಬಂದಿವೆ. ಲಾಲ್‌ಬಾಗಿನ ಬೆನ್ನಿಗಿರುವ ಸಿದ್ದಾಪುರದಿಂದ ಯಾವ ದಿಕ್ಕಿಗೆ ಹೊರಟರೂ ಅರ್ಧ ಗಂಟೆಯೊಳಗೆ ಒಂದು ಟ್ಯಾಪ್ ಸಿಗುತ್ತದೆ. ಆದರೆ ಟ್ಯಾಪಿನ ಹಿಂದಿರುವ ಗ್ಯಾಸಿನ ಲೆಕ್ಕವನ್ನು ಕನ್ನಡದಲ್ಲಿ ಹೇಳಿಕೊಟ್ಟವರು ಕಡಿಮೆ. ಕೌಂಟರಿನಲ್ಲಿ ದುಡಿಯುವವರು, ಹೊಸದಾಗಿ ಟ್ಯಾಪ್ ಹಾಕಿಸುವ ಮಾಲೀಕರು, ಅವುಗಳ ರಿಪೇರಿಗೆ ಹೋಗುವ ಮೆಕ್ಯಾನಿಕ್‌ಗಳು, ಎಲ್ಲರಿಗೂ ಬೇಕಾದ ಲೆಕ್ಕ ಇದು.

ಮುಖ್ಯ ಮಾತು ಇಷ್ಟು: ಪ್ರೆಶರನ್ನು ನೊರೆ ನೋಡಿ ಇಡುವುದಲ್ಲ, ಬಿಯರಿನ ಉಷ್ಣಾಂಶ ನೋಡಿ ಇಡಬೇಕು. ಬೆಂಗಳೂರಿನಲ್ಲಾದರೆ ಪುಸ್ತಕದ ಅಂಕಿಗೆ ಇನ್ನೂ ಒಂದೂವರೆ ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಮಾನ) ಸೇರಿಸಬೇಕು.

ಗ್ಯಾಸಿಗೆ ಎರಡು ಕೆಲಸ

ಕೆಗ್ಗಿಗೆ ಕೊಡುವ ಇಂಗಾಲದ ಡೈಆಕ್ಸೈಡ್ ಬಿಯರನ್ನು ಟ್ಯಾಪಿನವರೆಗೆ ತಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಕೆಲಸ. ಎರಡನೆಯದು ಹೆಚ್ಚು ಮುಖ್ಯ: ಬಿಯರಿನಲ್ಲಿ ಮೊದಲೇ ಕರಗಿರುವ ಗ್ಯಾಸ್ ಹೊರಗೆ ಬರದಂತೆ ಮೇಲಿನಿಂದ ಒತ್ತಿ ಹಿಡಿಯುವುದು. ಗೋಲಿ ಸೋಡಾದ ಗೋಲಿ ಒಳಕ್ಕೆ ತಳ್ಳಿದ ಕ್ಷಣ ಆಗುವುದನ್ನು ನೆನೆಸಿಕೊಳ್ಳಿ. ಮೇಲಿನ ಒತ್ತಡ ಹೋಯಿತೆಂದರೆ ಕರಗಿದ್ದ ಗ್ಯಾಸ್ ಗುಳ್ಳೆಯಾಗಿ ಏಳುತ್ತದೆ. ಕೆಗ್ಗಿನ ಪ್ರೆಶರ್ ಬೇಕಾದ್ದಕ್ಕಿಂತ ಇಳಿದರೆ ಪೈಪಿನೊಳಗೆ ಇದೇ ಆಗುತ್ತದೆ. ಪ್ರೆಶರ್ ಇಳಿಸಿದರೂ ನೊರೆ ಹೆಚ್ಚುವುದು ಈ ಕಾರಣಕ್ಕೆ.

ಪ್ರೆಶರ್ ಹೆಚ್ಚಾದರೆ ಬೇರೆ ತೊಂದರೆ. ಬಿಯರ್ ದಿನೇ ದಿನೇ ಹೆಚ್ಚು ಗ್ಯಾಸ್ ಹೀರಿಕೊಳ್ಳುತ್ತದೆ. ಮೊದಲ ದಿನ ಚೆನ್ನಾಗಿ ಬಂದ ಬಿಯರ್ ನಾಲ್ಕನೇ ದಿನ ನೊರೆ ಕಾರುತ್ತದೆ. ಆದ್ದರಿಂದ ಸರಿಯಾದ ಪ್ರೆಶರ್ ಅಂದರೆ ಬಿಯರಿನಿಂದ ಗ್ಯಾಸ್ ಹೊರಗೂ ಹೋಗಬಾರದು, ಒಳಗೂ ಸೇರಬಾರದು, ಅಂಥ ಸಮತೋಲದ ಒತ್ತಡ.

ಬಿಯರಿನಲ್ಲಿ ಕರಗಿದ ಗ್ಯಾಸನ್ನು ‘ವಾಲ್ಯೂಮ್’ ಲೆಕ್ಕದಲ್ಲಿ ಹೇಳುತ್ತಾರೆ. 2.5 ವಾಲ್ಯೂಮ್ ಅಂದರೆ ಒಂದು ಲೀಟರ್ ಬಿಯರಿನಲ್ಲಿ ಎರಡೂವರೆ ಲೀಟರ್ ಗ್ಯಾಸ್ ಕರಗಿದೆ ಎಂದರ್ಥ. ತೂಕದಲ್ಲಿ ಸುಮಾರು 4.9 ಗ್ರಾಂ. ಲಾಗರ್ ಬಿಯರಿಗೆ ಸಾಮಾನ್ಯವಾಗಿ 2.5ರಿಂದ 2.6, ಏಲ್ ಬಿಯರಿಗೆ 2.2ರಿಂದ 2.4, ಗೋಧಿ ಬಿಯರಿಗೆ 2.7ರಿಂದ 3 ಅಥವಾ ಇನ್ನೂ ಹೆಚ್ಚು. ಕೆಗ್ ತರಿಸುವಾಗ ಸರಬರಾಜುದಾರರನ್ನೋ ನಿಮ್ಮ ಬ್ರೂವರನ್ನೋ ಈ ಅಂಕಿ ಕೇಳಿ ಬರೆದುಕೊಳ್ಳಿ. ಅದಿಲ್ಲದೆ ಪ್ರೆಶರ್ ಇಡುವುದು ಬರೀ ಅಂದಾಜಾಗುತ್ತದೆ.

ಮೊದಲು ಥರ್ಮಾಮೀಟರ್

ಬಿಯರ್ ತಣ್ಣಗಿದ್ದಷ್ಟೂ ಗ್ಯಾಸನ್ನು ಸುಲಭವಾಗಿ ಹಿಡಿದುಕೊಳ್ಳುತ್ತದೆ. 2.5 ವಾಲ್ಯೂಮಿನ ಅದೇ ಬಿಯರಿಗೆ, ಸಮುದ್ರ ಮಟ್ಟದಲ್ಲಿ, 3 ಡಿಗ್ರಿಯಲ್ಲಿ 11 ಪಿಎಸ್‌ಐ ಸಾಕು. 6 ಡಿಗ್ರಿಗೆ ಬಂದರೆ ಸುಮಾರು 13.7 ಬೇಕು, 10 ಡಿಗ್ರಿಯಲ್ಲಿ 17.5 ದಾಟುತ್ತದೆ. ಅಂದರೆ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಒಂದು ಪಿಎಸ್‌ಐ ಜಾಸ್ತಿ ಬೇಕು.

ಕೋಲ್ಡ್ ರೂಮಿನ ಗೋಡೆಯ ಮೇಲಿನ ಡಿಸ್‌ಪ್ಲೇ ತೋರಿಸುವುದು ಗಾಳಿಯ ಉಷ್ಣಾಂಶ. ಬಾಗಿಲು ನಾಲ್ಕು ಸಲ ತೆರೆದು ಮುಚ್ಚಿದರೆ ಅದು ಏರಿಳಿಯುತ್ತದೆ, ಒಳಗಿನ ಬಿಯರಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಗೊತ್ತಾಗಬೇಕಾದದ್ದು ಬಿಯರಿನ ಉಷ್ಣಾಂಶ. ಟ್ಯಾಪಿನಿಂದ ಎರಡು ಲೋಟ ಹರಿಯಬಿಟ್ಟು, ಮೂರನೇ ಲೋಟದಲ್ಲಿ ಥರ್ಮಾಮೀಟರ್ ಅದ್ದಿ ನೋಡಿ. ಮೊದಲನೇ ಲೋಟಕ್ಕೂ ಮೂರನೆಯದಕ್ಕೂ ಹೆಚ್ಚು ವ್ಯತ್ಯಾಸ ಕಂಡರೆ ಟ್ಯಾಪ್ ಇರುವ ಕಂಬ ಬಿಸಿಯಾಗಿದೆ ಎಂದು ತಿಳಿಯಬೇಕು. ಅದಕ್ಕೆ ಕಂಬಕ್ಕೆ ತಂಪು ಗಾಳಿ ಅಥವಾ ತಂಪು ಮಾಡಿದ ಗ್ಲೈಕಾಲ್ ದ್ರವ ಹರಿಸಬೇಕು, ರೆಗ್ಯುಲೇಟರ್ ಮುಟ್ಟಿ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಮಧ್ಯಾಹ್ನದ ಬಿಸಿಲಲ್ಲಿ ಟೆಂಪೋದಲ್ಲಿ ಬಂದ ಕೆಗ್ಗನ್ನು ಅದೇ ಸಂಜೆ ಟ್ಯಾಪಿಗೆ ಹಾಕಬೇಡಿ. 30 ಅಥವಾ 50 ಲೀಟರಿನ ಕೆಗ್ಗಿನ ನಡುಭಾಗ ತಣ್ಣಗಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ವಾರಾಂತ್ಯದ ಕೆಗ್ಗುಗಳು ಗುರುವಾರವೇ ಕೋಲ್ಡ್ ರೂಮ್ ಸೇರಬೇಕು.

ಬೆಂಗಳೂರಿಗೆ ಒಂದೂವರೆ ಪಿಎಸ್‌ಐ ಹೆಚ್ಚು

ಹೆಚ್ಚಿನ ಕಂಪನಿಗಳ ಪುಸ್ತಕಗಳಲ್ಲೂ, ಮೊಬೈಲಿನಲ್ಲಿ ಸಿಗುವ ಚಾರ್ಟುಗಳಲ್ಲೂ ಇರುವ ಅಂಕಿ ಸಮುದ್ರ ಮಟ್ಟದ್ದು. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ಅಂದರೆ ಮೂರು ಸಾವಿರ ಅಡಿ. ಮಂಗಳೂರಿನ ದಡದಲ್ಲಿ ಗಾಳಿಯ ಒತ್ತಡ ಸುಮಾರು 14.7 ಪಿಎಸ್‌ಐ ಇದ್ದರೆ ಇಲ್ಲಿ ಸುಮಾರು 13.2 ಮಾತ್ರ.

ಗೇಜಿನ ಮುಳ್ಳು ಹೊರಗಿನ ಗಾಳಿಯನ್ನು ಸೊನ್ನೆ ಎಂದು ಹಿಡಿದು ಅದರ ಮೇಲಿನದನ್ನಷ್ಟೇ ತೋರಿಸುತ್ತದೆ. ಆದರೆ ಬಿಯರಿಗೆ ಲೆಕ್ಕ ಒಟ್ಟು ಒತ್ತಡದ್ದು. ಮಂಗಳೂರಿನಲ್ಲಿ ಗೇಜ್ 11 ತೋರಿಸಿದರೆ ಒಳಗಿನ ಒಟ್ಟು ಒತ್ತಡ 25.7. ಅದೇ 25.7 ಇಲ್ಲಿ ಸಿಗಬೇಕಾದರೆ ಗೇಜ್ 12.5 ತೋರಿಸಬೇಕು. ಪುಸ್ತಕ ನಂಬಿ ಇಲ್ಲೂ 11ಕ್ಕೇ ಬಿಟ್ಟರೆ 2.5 ವಾಲ್ಯೂಮಿನ ಲಾಗರ್ ಕ್ರಮೇಣ 2.35ರ ಕಡೆಗೆ ಜಾರುತ್ತದೆ. ಹೀಗೆ ಬಿಟ್ಟುಹೋದ ಗ್ಯಾಸೇ ಪೈಪಿನಲ್ಲಿ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಆಗ ‘ನೊರೆ ಜಾಸ್ತಿ, ಪ್ರೆಶರ್ ಇಳಿಸು’ ಎಂದು ಇನ್ನೂ ಇಳಿಸಿದರೆ ತೊಂದರೆ ಇಮ್ಮಡಿಯಾಗುತ್ತದೆ.

ಎರಡು ಸಾವಿರ ಅಡಿಗೆ ಒಂದು ಪಿಎಸ್‌ಐ ಎಂಬುದು ನೆನಪಿಡಲು ಸುಲಭದ ಸೂತ್ರ. ಅದರಂತೆ ಮೈಸೂರಿಗೆ ಸುಮಾರು 1.3, ಚಿಕ್ಕಮಗಳೂರಿಗೆ 1.8, ಮಡಿಕೇರಿಗೆ 1.9 ಸೇರಿಸಬೇಕು. ಗೋವಾ, ಮುಂಬೈ, ಚೆನ್ನೈ ಕಡೆ ಕೆಲಸ ಮಾಡಿ ಬಂದ ಮೆಕ್ಯಾನಿಕ್ ಎಷ್ಟೇ ಅನುಭವಿಯಾದರೂ ಅಲ್ಲಿನ ಅಂಕಿ ಇಲ್ಲಿಗೆ ಹೊಂದುವುದಿಲ್ಲ.

ಬಿಯರ್ 3 ಡಿಗ್ರಿಯಲ್ಲಿದ್ದಾಗ ಬೆಂಗಳೂರಿನ ಗೇಜ್ ತೋರಿಸಬೇಕಾದದ್ದು ಹೀಗೆ (ಸಮುದ್ರ ಮಟ್ಟದ ಅಂಕಿ ಆವರಣದಲ್ಲಿದೆ):

2.4 ವಾಲ್ಯೂಮ್: 11.5 ಪಿಎಸ್‌ಐ (10)
2.5 ವಾಲ್ಯೂಮ್: 12.5 ಪಿಎಸ್‌ಐ (11)
2.6 ವಾಲ್ಯೂಮ್: 13.5 ಪಿಎಸ್‌ಐ (12)
2.7 ವಾಲ್ಯೂಮ್: 14.5 ಪಿಎಸ್‌ಐ (13)
3 ವಾಲ್ಯೂಮ್: 17.5 ಪಿಎಸ್‌ಐ (16)

ಬಿಯರ್ 4 ಡಿಗ್ರಿಯಲ್ಲಿದ್ದರೆ ಇದಕ್ಕೆ ಇನ್ನೊಂದು ಪಿಎಸ್‌ಐ ಸೇರಿಸಿ, 2 ಡಿಗ್ರಿಯಲ್ಲಿದ್ದರೆ ಒಂದು ಕಳೆಯಿರಿ. ಈ ಪಟ್ಟಿಯನ್ನು ಕೋಲ್ಡ್ ರೂಮಿನ ಬಾಗಿಲಿಗೆ ಅಂಟಿಸಿಡುವುದು ಒಳ್ಳೆಯದು.

ಮೈಕ್ರೋಬ್ರೂವರಿಯವರಿಗೆ ಇಲ್ಲಿ ಎರಡು ಎಚ್ಚರಿಕೆ. ಟ್ಯಾಂಕಿನಲ್ಲಿ ಬಿಯರಿಗೆ ಗ್ಯಾಸ್ ಹಿಡಿಸುವಾಗಲೂ ಇದೇ ಒಂದೂವರೆ ಸೇರಿಸಬೇಕು. ಇಲ್ಲದಿದ್ದರೆ ಬಿಯರ್ ಹುಟ್ಟುವಾಗಲೇ ಸಪ್ಪೆ. ಆದರೆ ಸರ್ವಿಂಗ್ ಟ್ಯಾಂಕಿನ ಮೇಲಿನ ಫಲಕದಲ್ಲಿ ಕೊರೆದ ಗರಿಷ್ಠ ಒತ್ತಡವನ್ನು ಯಾವ ಕಾರಣಕ್ಕೂ ಮೀರಬಾರದು. 15 ಪಿಎಸ್‌ಐ ಮಿತಿಯ ಟ್ಯಾಂಕಿನಲ್ಲಿ 3 ವಾಲ್ಯೂಮಿನ ಗೋಧಿ ಬಿಯರ್ ಇಡಲಾಗದು. 2.7ಕ್ಕೆ ಇಳಿಸಿ ಮಾಡಿ, ಅಥವಾ ಅದನ್ನು ಕೆಗ್ಗಿಗೆ ತುಂಬಿ ಕೊಡಿ.

ರೆಗ್ಯುಲೇಟರ್ ಆರಿಸುವಾಗ

ಸಿಲಿಂಡರಿನೊಳಗಿನ ಒತ್ತಡ ಎಂಟುನೂರು, ಸಾವಿರ ಪಿಎಸ್‌ಐ. ಬಿಯರಿಗೆ ಬೇಕಾದದ್ದು ಹನ್ನೆರಡು, ಹದಿಮೂರು. ಈ ಅಂತರವನ್ನು ಇಳಿಸಿಕೊಡುವುದು ರೆಗ್ಯುಲೇಟರ್. ಒಳಗೆ ಒಂದು ಸ್ಪ್ರಿಂಗ್, ಅದು ಒತ್ತುವ ಡಯಾಫ್ರಾಮ್, ಗ್ಯಾಸಿನ ದಾರಿ ತೆರೆದು ಮುಚ್ಚುವ ಸೀಟು ಇರುತ್ತವೆ. ತಿರುಪನ್ನು ಬಲಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗಿ ಪ್ರೆಶರ್ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ.

ಎಸ್.ಜೆ.ಪಿ. ರಸ್ತೆಯಲ್ಲಾಗಲಿ ಪೀಣ್ಯದಲ್ಲಾಗಲಿ ಕಡಿಮೆ ಬೆಲೆಗೆ ಸಿಗುವ ವೆಲ್ಡಿಂಗ್ ರೆಗ್ಯುಲೇಟರ್ ಬಿಯರಿಗಲ್ಲ. ಅದರ ಎರಡನೇ ಗೇಜ್ ಸಾಮಾನ್ಯವಾಗಿ ನಿಮಿಷಕ್ಕೆ ಎಷ್ಟು ಲೀಟರ್ ಗ್ಯಾಸ್ ಹರಿಯುತ್ತದೆ ಎಂಬುದನ್ನು ತೋರಿಸುತ್ತದೆ, ಒತ್ತಡವನ್ನಲ್ಲ. ಕಾರ್ಖಾನೆ ಬಳಕೆಯ ದೊಡ್ಡ ರೆಗ್ಯುಲೇಟರಿನ ಗೇಜ್ 0ಯಿಂದ 10 ಕೆಜಿಯವರೆಗೆ (ಪ್ರತಿ ಚದರ ಸೆಂಟಿಮೀಟರಿಗೆ) ಇರುತ್ತದೆ. ನಮಗೆ ಬೇಕಾದ ಹನ್ನೆರಡೂವರೆ ಪಿಎಸ್‌ಐ ಅದರಲ್ಲಿ ಒಂದು ಕೆಜಿಯ ಗೆರೆಯನ್ನೂ ಮುಟ್ಟುವುದಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಒಂದು ಪಿಎಸ್‌ಐ ವ್ಯತ್ಯಾಸ ಕಣ್ಣಿಗೆ ಕಾಣದು. ಅಡುಗೆ ಅನಿಲದ ರೆಗ್ಯುಲೇಟರಂತೂ ಇಲ್ಲಿ ಸಲ್ಲದು.

ಕೊಳ್ಳುವಾಗ ಗಮನಿಸಬೇಕಾದದ್ದು:

ಎರಡು ಗೇಜ್ ಇರಲಿ, ಒಂದು ಸಿಲಿಂಡರಿನ ಕಡೆಗೆ, ಇನ್ನೊಂದು ಕೆಗ್ಗಿನ ಕಡೆಗೆ. ಕೆಗ್ಗಿನ ಕಡೆಯ ಗೇಜ್ 0ಯಿಂದ 60 ಪಿಎಸ್‌ಐ ಒಳಗಿರಲಿ. 30ರವರೆಗಿನದಾದರೆ ಇನ್ನೂ ಚೆನ್ನಾಗಿ ಓದಬಹುದು.

ರಿಲೀಫ್ ವಾಲ್ವ್ ಕಡ್ಡಾಯ. ಸೀಟು ಕೆಟ್ಟು ಸಿಲಿಂಡರಿನ ಪೂರ್ತಿ ಒತ್ತಡ ಕೆಗ್ಗಿನ ಕಡೆ ನುಗ್ಗಿದಾಗ ಅದನ್ನು ಹೊರಗೆ ಬಿಡುವುದು ಇದೇ. ಅದು ಕೆಗ್ಗಿನ ಮೇಲೆ ಬರೆದ ಮಿತಿಗಿಂತ ಕೆಳಗೇ ತೆರೆದುಕೊಳ್ಳುವಂತಿರಬೇಕು.

ಗ್ಯಾಸ್ ಪೈಪಿನಲ್ಲಿ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇರಲಿ. ಇಲ್ಲದಿದ್ದರೆ ಸಿಲಿಂಡರ್ ಖಾಲಿಯಾದಾಗ ಬಿಯರ್ ಹಿಂದಕ್ಕೆ ಹರಿದು ರೆಗ್ಯುಲೇಟರ್ ಸೇರುತ್ತದೆ.

ಹೊರದೇಶದಿಂದ ತರಿಸಿದ ರೆಗ್ಯುಲೇಟರಿನ ಮರೆ (ಥ್ರೆಡ್) ಇಲ್ಲಿನ ಸಿಲಿಂಡರ್ ವಾಲ್ವಿಗೆ ಕೂರುತ್ತದೆಯೇ ಎಂದು ಮೊದಲೇ ನೋಡಿ. ಕೂರದಿದ್ದರೆ ಬಲವಂತ ಮಾಡಬೇಡಿ, ಗ್ಯಾಸ್ ಡೀಲರರ ಹತ್ತಿರ ಸರಿಯಾದ ಅಡಾಪ್ಟರ್ ಕೇಳಿ.

ಗೇಜಿನ ಮಾನಗಳಲ್ಲಿ ಗೊಂದಲ ಬೇಡ. ಒಂದು ಕೆಜಿ (ಪ್ರತಿ ಚದರ ಸೆಂಟಿಮೀಟರಿಗೆ) ಅಂದರೆ ಸುಮಾರು 14.2 ಪಿಎಸ್‌ಐ. ಹನ್ನೆರಡೂವರೆ ಪಿಎಸ್‌ಐ ಅಂದರೆ 0.88 ಕೆಜಿ.

ಒಂದೇ ಸಿಲಿಂಡರಿನಿಂದ ನಾಲ್ಕಾರು ಬಗೆಯ ಬಿಯರ್ ಕೊಡುವ ಕಡೆ ಪ್ರತಿ ಬಗೆಗೂ ಒಂದೊಂದು ಸೆಕೆಂಡರಿ ರೆಗ್ಯುಲೇಟರ್ ಬೇಕು. ಸಿಲಿಂಡರಿನ ಮೇಲಿನದನ್ನು 25ರಿಂದ 30 ಪಿಎಸ್‌ಐಗೆ ಇಟ್ಟು, ಅಲ್ಲಿಂದ ಏಲ್ ಬಿಯರಿಗೆ 11.5, ಲಾಗರಿಗೆ 12.5, ಗೋಧಿ ಬಿಯರಿಗೆ 14.5 ಎಂದು ಬೇರೆ ಬೇರೆ ಹಂಚಬಹುದು. ಎಲ್ಲಕ್ಕೂ ಒಂದೇ ಪ್ರೆಶರ್ ಕೊಟ್ಟರೆ ಏಲ್ ನೊರೆ ಕಾರುತ್ತದೆ, ಗೋಧಿ ಬಿಯರ್ ಸಪ್ಪೆಯಾಗುತ್ತದೆ.

ಸಿಲಿಂಡರ್ ಬದಲಿಸುವ ಕ್ರಮ

1. ಹಳೆಯ ಸಿಲಿಂಡರಿನ ವಾಲ್ವ್ ಪೂರ್ತಿ ಮುಚ್ಚಿ. ಕೆಗ್ಗಿಗೆ ಹೋಗುವ ಶಟ್-ಆಫ್ ಮುಚ್ಚಿ. ರೆಗ್ಯುಲೇಟರಿನಲ್ಲಿ ಉಳಿದ ಗ್ಯಾಸನ್ನು ರಿಲೀಫ್ ವಾಲ್ವಿನ ಉಂಗುರ ಎಳೆದು ಹೊರಗೆ ಬಿಡಿ.

2. ತಿರುಪನ್ನು ಎಡಕ್ಕೆ ಪೂರ್ತಿ ಸಡಿಲಿಸಿ. ಇದನ್ನು ಮರೆತರೆ ಹೊಸ ಸಿಲಿಂಡರ್ ತೆರೆದೊಡನೆ ಡಯಾಫ್ರಾಮಿಗೆ ಹೊಡೆತ ಬೀಳುತ್ತದೆ.

3. ಹೊಸ ಸಿಲಿಂಡರನ್ನು ನೇರ ನಿಲ್ಲಿಸಿ, ಗೋಡೆಗೆ ಸರಪಳಿ ಹಾಕಿ. ಮಲಗಿಸಿದರೆ ಒಳಗಿನ ದ್ರವವೇ ರೆಗ್ಯುಲೇಟರಿಗೆ ಬಂದು ಅದು ಹೆಪ್ಪುಗಟ್ಟುತ್ತದೆ.

4. ವಾಷರ್ ಹೊಸದಾಗಿರಲಿ. ಸಿಲಿಂಡರಿನ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ಗ್ಯಾಸ್ ತಡೆಯುವುದು ವಾಷರ್, ಮರೆಯಲ್ಲ.

5. ಗೇಜಿನ ಎದುರು ಮುಖ ಇಡದೆ ಪಕ್ಕಕ್ಕೆ ನಿಂತು ವಾಲ್ವನ್ನು ನಿಧಾನವಾಗಿ ತೆರೆಯಿರಿ. ಆಮೇಲೆ ಪೂರ್ತಿ ತೆರೆಯಿರಿ.

6. ತಿರುಪನ್ನು ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಬೇಕಾದ ಅಂಕಿಗೆ ತನ್ನಿ. ಮುಂದೆ ಹೋದರೆ ಎಡಕ್ಕೆ ತಿರುಗಿಸಿದ್ದಷ್ಟೇ ಸಾಲದು; ಒಳಗೆ ಸೇರಿಕೊಂಡ ಒತ್ತಡವನ್ನು ಉಂಗುರ ಎಳೆದು ಬಿಟ್ಟ ಮೇಲೆ, ಮತ್ತೆ ಕೆಳಗಿನಿಂದ ಮೇಲಕ್ಕೆ ಬನ್ನಿ.

7. ಎಲ್ಲ ಜೋಡಣೆಗಳಿಗೂ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದಲ್ಲಿ ಲೀಕ್ ಇದೆ.

ತಿಂಗಳಿಗೊಮ್ಮೆ ಇನ್ನೊಂದು ಪರೀಕ್ಷೆ ಮಾಡಿ. ಮುಂಜಾನೆ ಟ್ಯಾಪುಗಳೆಲ್ಲ ಮುಚ್ಚಿರುವಾಗ ಮುಳ್ಳು ಎಲ್ಲಿದೆ ಎಂದು ಗುರುತು ಹಾಕಿ ಅರ್ಧ ಗಂಟೆ ಬಿಡಿ. ಯಾರೂ ಮುಟ್ಟದಿದ್ದರೂ ಮುಳ್ಳು ಮೇಲೇರಿದರೆ ರೆಗ್ಯುಲೇಟರಿನ ಸೀಟು ಸವೆದಿದೆ ಅಥವಾ ಕಸ ಸಿಕ್ಕಿದೆ. ಅದನ್ನು ಆ ದಿನವೇ ಬದಲಿಸಿ. ಸೋಮವಾರ ಸರಿಯಾಗಿದ್ದ ಬಿಯರ್ ಶುಕ್ರವಾರ ಏಕೆ ನೊರೆ ಕಾರುತ್ತದೆ ಎಂಬ ಪ್ರಶ್ನೆಗೆ ಹಲವು ಕಡೆ ಉತ್ತರ ಇಲ್ಲೇ ಇರುತ್ತದೆ.

ಹರಿವಿನ ವೇಗ ಪೈಪಿನ ಕೈಯಲ್ಲಿ

ಬಿಯರಿಗೆ ಬೇಕಾದ ಪ್ರೆಶರ್ ಇಟ್ಟ ಮೇಲೆ ಹರಿವು ಜೋರಾದರೆ ಬದಲಿಸಬೇಕಾದದ್ದು ಪೈಪನ್ನು, ಪ್ರೆಶರನ್ನಲ್ಲ. ಹದವಾದ ಹರಿವು ಸೆಕೆಂಡಿಗೆ ಸುಮಾರು 60 ಮಿ.ಲೀ. ಅಂದರೆ 330 ಮಿ.ಲೀ. ಲೋಟ ಐದೂವರೆ ಸೆಕೆಂಡಿನಲ್ಲಿ, ಅರ್ಧ ಲೀಟರ್ ಮಗ್ ಎಂಟೂವರೆ ಸೆಕೆಂಡಿನಲ್ಲಿ ತುಂಬಬೇಕು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಳೆಯಿರಿ.

ಒಂದು ಲೆಕ್ಕ ನೋಡೋಣ. ಕೌಂಟರಿನ ಕೆಳಗೇ ಕೆಗ್, 12.5 ಪಿಎಸ್‌ಐ. ಕೆಗ್ಗಿನ ನಡುವಿನಿಂದ ಟ್ಯಾಪಿಗೆ ನಾಲ್ಕು ಅಡಿ ಎತ್ತರ. ಒಂದು ಅಡಿ ಮೇಲಕ್ಕೆ ಏರಿಸಲು 0.43 ಪಿಎಸ್‌ಐ ಬೇಕು. ನಾಲ್ಕು ಅಡಿಗೆ 1.7. ಉಳಿಯಿತು 10.8. ಇದನ್ನು ಪೈಪು ತಡೆದು ಕರಗಿಸಬೇಕು. ಒಳವ್ಯಾಸ 3/16 ಇಂಚಿನ ಮೆತ್ತನೆಯ ವಿನೈಲ್ ಪೈಪು ಅಡಿಗೆ ಸುಮಾರು 2ರಿಂದ 3 ಪಿಎಸ್‌ಐ ತಡೆಯುತ್ತದೆ. ಹಾಗಾದರೆ ಮೂರೂವರೆಯಿಂದ ಐದೂವರೆ ಅಡಿ ಪೈಪು ಬೇಕು. ಮೊದಲು ಆರು ಅಡಿ ಹಾಕಿ, ಹರಿವು ನಿಧಾನವಾದರೆ ನಾಲ್ಕು ನಾಲ್ಕು ಇಂಚು ಕತ್ತರಿಸುತ್ತಾ ಬನ್ನಿ. ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡಲಾಗದು, ಆದ್ದರಿಂದ ಉದ್ದದಿಂದಲೇ ಶುರು ಮಾಡಬೇಕು.

ಸಮುದ್ರ ಮಟ್ಟದ ಲೆಕ್ಕದಲ್ಲಿ ಪೈಪು ಕತ್ತರಿಸಿ ಕಳಿಸಿದ ರೆಡಿಮೇಡ್ ಸೆಟ್ ಇಲ್ಲಿ ಸ್ವಲ್ಪ ಜೋರಾಗಿ ಹರಿಯುತ್ತದೆ. ನಾವು ಸೇರಿಸಿದ ಒಂದೂವರೆ ಪಿಎಸ್‌ಐಗೆ ಆರರಿಂದ ಒಂಬತ್ತು ಇಂಚು ಪೈಪು ಹೆಚ್ಚು ಬೇಕು.

ಟೆರೇಸಿನ ಮೇಲೆ ಕೌಂಟರ್, ಕೆಳ ಅಂತಸ್ತಿನಲ್ಲಿ ಕೋಲ್ಡ್ ರೂಮ್ ಇರುವ ಕಡೆ ಪ್ರತಿ ಅಂತಸ್ತಿಗೂ ನಾಲ್ಕೂವರೆಯಿಂದ ಐದು ಪಿಎಸ್‌ಐ ಎತ್ತರಕ್ಕೇ ಹೋಗುತ್ತದೆ. ಪೈಪು ಉದ್ದವಿದ್ದರೆ ಅಗಲದ ಬ್ಯಾರಿಯರ್ ಪೈಪು ಹಾಕಿ, ಗ್ಲೈಕಾಲ್ ಜೊತೆಯಲ್ಲಿ ಹರಿಸಿ, ಗ್ಯಾಸಿನಲ್ಲಿ ನೈಟ್ರೋಜನ್ ಬೆರೆಸುವುದು ಸರಿಯಾದ ದಾರಿ. ಬರೀ ಇಂಗಾಲದ ಡೈಆಕ್ಸೈಡಿನಿಂದಲೇ 24 ಪಿಎಸ್‌ಐ ಕೊಟ್ಟರೆ ಬಿಯರ್ ಅಷ್ಟನ್ನೂ ಹೀರಿಕೊಳ್ಳುತ್ತದೆ. ನೂರರಲ್ಲಿ 70 ಪಾಲು ಇಂಗಾಲದ ಡೈಆಕ್ಸೈಡ್, 30 ಪಾಲು ನೈಟ್ರೋಜನ್ ಇರುವ ಮಿಶ್ರಣವಾದರೆ, 3 ಡಿಗ್ರಿಯ 2.5 ವಾಲ್ಯೂಮ್ ಲಾಗರಿಗೆ ಬೆಂಗಳೂರಿನಲ್ಲಿ ಗೇಜ್ 23.5 ತೋರಿಸಿದರೂ ಬಿಯರಿನ ಗ್ಯಾಸ್ ಬದಲಾಗುವುದಿಲ್ಲ, ತಳ್ಳುವ ಬಲ ಮಾತ್ರ ಹೆಚ್ಚುತ್ತದೆ.

ನೈಟ್ರೋ ಸ್ಟೌಟಿನ ದಾರಿ ಬೇರೆ. 1959ರಲ್ಲಿ ಗಿನ್ನೆಸ್ ಕಂಪನಿ ನೈಟ್ರೋಜನ್ ಬೆರೆಸಿದ ಡ್ರಾಫ್ಟ್ ತಂದಾಗಿನಿಂದ ಸ್ಟೌಟಿಗೆ 75 ಪಾಲು ನೈಟ್ರೋಜನ್, 25 ಪಾಲು ಇಂಗಾಲದ ಡೈಆಕ್ಸೈಡ್ ಎಂಬ ಮಿಶ್ರಣ ರೂಢಿಯಾಗಿದೆ. ಇದನ್ನು 30ರಿಂದ 35 ಪಿಎಸ್‌ಐಗೆ ಇಟ್ಟು, ಸಣ್ಣ ರಂಧ್ರಗಳ ತಟ್ಟೆಯಿರುವ ವಿಶೇಷ ಟ್ಯಾಪಿನಿಂದ ಬಿಡುತ್ತಾರೆ. ನೈಟ್ರೋಜನ್ ಸಿಲಿಂಡರಿನ ಒತ್ತಡ ತೀರಾ ಹೆಚ್ಚು. ಅದಕ್ಕೆ ಅದರದೇ ರೆಗ್ಯುಲೇಟರ್ ಬೇಕು. ಏರ್ ಕಂಪ್ರೆಸರಿನ ಗಾಳಿಯನ್ನಂತೂ ಕೆಗ್ಗಿಗೆ ಬಿಡಲೇಬಾರದು. ಅದರಲ್ಲಿರುವ ಆಮ್ಲಜನಕ ಬಿಯರಿನ ರುಚಿ ಕೆಡಿಸುತ್ತದೆ.

ಸಿಲಿಂಡರನ್ನು ತೂಗಿ ನೋಡಿ

ಸಿಲಿಂಡರಿನ ಕಡೆಯ ಗೇಜ್ ನೋಡಿ ‘ಇನ್ನೂ ಫುಲ್ ಇದೆ’ ಎಂದು ನಂಬಿ ಶನಿವಾರ ರಾತ್ರಿ ಕೈಕಟ್ಟಿ ಕೂತವರು ಅನೇಕರು. ಒಳಗಿರುವುದು ದ್ರವ. ಕೊನೆಯ ಹನಿ ದ್ರವ ಇರುವವರೆಗೂ ಒತ್ತಡ ಉಷ್ಣಾಂಶವನ್ನಷ್ಟೇ ಅನುಸರಿಸುತ್ತದೆ: 20 ಡಿಗ್ರಿಯಲ್ಲಿ ಸುಮಾರು 830 ಪಿಎಸ್‌ಐ, 30 ಡಿಗ್ರಿಯಲ್ಲಿ ಸುಮಾರು 1,045. ತುಂಬಿದ್ದರೂ ಅಷ್ಟೇ, ಕಾಲು ಭಾಗ ಉಳಿದಿದ್ದರೂ ಅಷ್ಟೇ. ದ್ರವ ಮುಗಿದ ಮೇಲೆ ಮುಳ್ಳು ಸರ್ರನೆ ಬೀಳುತ್ತದೆ. ಆದ್ದರಿಂದ ಸಿಲಿಂಡರಿನ ಕುತ್ತಿಗೆಯ ಮೇಲೆ ಕೊರೆದಿರುವ ಖಾಲಿ ತೂಕ ಓದಿ, ಈಗಿನ ತೂಕದಿಂದ ಕಳೆಯಿರಿ. ಉಳಿದದ್ದೇ ಗ್ಯಾಸ್.

3 ಡಿಗ್ರಿಯ 30 ಲೀಟರ್ ಕೆಗ್ ಒಂದನ್ನು ಖಾಲಿ ಮಾಡಲು ಸುಮಾರು 100 ಗ್ರಾಂ ಗ್ಯಾಸ್ ಸಾಕು. ಹಾಗಾದರೆ 5 ಕೆಜಿ ಗ್ಯಾಸು ನಲವತ್ತೈದು, ಐವತ್ತು ಕೆಗ್ಗಿಗೆ ಬರಬೇಕು. ಇಪ್ಪತ್ತಕ್ಕೇ ಮುಗಿದರೆ ಎಲ್ಲೋ ಲೀಕ್ ಇದೆ. ಅದನ್ನು ಹುಡುಕದೆ ಮತ್ತೊಂದು ಸಿಲಿಂಡರ್ ತರಿಸುವುದು ಹಣಕ್ಕೂ ಜೀವಕ್ಕೂ ಅಪಾಯ.

31 ಡಿಗ್ರಿ ದಾಟಿದರೆ ಈ ಗ್ಯಾಸು ದ್ರವವಾಗಿ ಇರಲಾರದು; ಅಲ್ಲಿಂದ ಮುಂದೆ ಒತ್ತಡ ಬೇಗ ಬೇಗ ಏರುತ್ತದೆ. 2016ರ ಏಪ್ರಿಲಿನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ತಗಡಿನ ಚಾವಣಿ ಕೆಳಗೆ, ಅಡುಗೆಮನೆಯ ಒಲೆ ಪಕ್ಕ, ಟೆರೇಸಿನ ಬಿಸಿಲಲ್ಲಿ ಸಿಲಿಂಡರ್ ನಿಲ್ಲಿಸಬಾರದು. ಸಿಲಿಂಡರುಗಳಿಗೆ ಐದು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಆಗಬೇಕು. ಪರೀಕ್ಷೆಯ ದಿನಾಂಕವನ್ನು ಮೈಮೇಲೆ ಕೊರೆದಿರುತ್ತಾರೆ. ಅವಧಿ ಮೀರಿದ್ದನ್ನು ಡೀಲರಿಗೆ ವಾಪಸ್ ಕಳಿಸಿ. ಆಹಾರ ದರ್ಜೆಯ ಗ್ಯಾಸೇ ಬೇಕೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ನೊರೆ ಬಂದಾಗ ನೋಡುವ ಕ್ರಮ

ಮೊದಲ ಲೋಟ ಮಾತ್ರ ನೊರೆ, ಆಮೇಲೆ ಸರಿ: ಟ್ಯಾಪಿನ ಕಂಬ ಬಿಸಿಯಾಗಿದೆ.

ಎಲ್ಲ ಲೋಟವೂ ನೊರೆ, ಪೈಪಿನಲ್ಲಿ ಗುಳ್ಳೆ ಕಾಣುತ್ತಿದೆ: ಬಿಯರ್ ಬಿಸಿಯಾಗಿದೆ ಅಥವಾ ಪ್ರೆಶರ್ ಕಡಿಮೆಯಾಗಿದೆ. ಉಷ್ಣಾಂಶ ನೋಡಿ, ಪಟ್ಟಿ ನೋಡಿ, ಪ್ರೆಶರ್ ಏರಿಸಿ.

ಪೈಪು ಶುದ್ಧವಾಗಿ ಕಾಣುತ್ತದೆ, ಹರಿವು ಜೋರು, ಲೋಟದಲ್ಲಿ ನೊರೆ: ಪೈಪಿನ ಉದ್ದ ಸಾಲದು, ಅಥವಾ ಪ್ರೆಶರ್ ಪಟ್ಟಿಗಿಂತ ಹೆಚ್ಚಿದೆ.

ಮೊದಮೊದಲು ಸರಿ, ದಿನ ಕಳೆದಂತೆ ನೊರೆ: ಪ್ರೆಶರ್ ಪಟ್ಟಿಗಿಂತ ಹೆಚ್ಚಿದೆ, ಅಥವಾ ರೆಗ್ಯುಲೇಟರ್ ತಾನೇ ಏರುತ್ತಿದೆ.

ನೊರೆ ಇಲ್ಲ, ಬಿಯರ್ ಚಪ್ಪೆ: ಪ್ರೆಶರ್ ದಿನಗಟ್ಟಲೆ ಕಡಿಮೆ ಇತ್ತು, ಅಥವಾ ಲೋಟಕ್ಕೆ ಜಿಡ್ಡು ಹತ್ತಿದೆ.

ಇವು ಯಾವುದೂ ಅಲ್ಲದಿದ್ದರೆ ಪೈಪು, ಟ್ಯಾಪು ಕೊಳೆಯಾಗಿವೆ. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ದ್ರಾವಣ ಹರಿಸಿ ತೊಳೆದು, ಆಮೇಲೆ ಶುದ್ಧ ನೀರಿನಿಂದ ಪೂರ್ತಿ ಜಾಲಿಸಬೇಕು.

ಪ್ರಾಣದ ಪ್ರಶ್ನೆ

ಇಷ್ಟರಲ್ಲಿ ಏನು ತಪ್ಪಿದರೂ ಹೋಗುವುದು ಬಿಯರು. ಆದರೆ ಗ್ಯಾಸು ಲೀಕಾದರೆ ಹೋಗುವುದು ಮನುಷ್ಯ. ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ಮೂಗಿಗೆ ತಿಳಿಯುವ ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ನೆಲಮಾಳಿಗೆಯಲ್ಲಿ, ಕೋಲ್ಡ್ ರೂಮಿನ ತಳದಲ್ಲಿ ನಿಲ್ಲುತ್ತದೆ. ಸಾಮಾನ್ಯ ಗಾಳಿಯಲ್ಲಿ ಅದು ನೂರಕ್ಕೆ 0.04 ಪಾಲು. ಎಂಟು ಗಂಟೆ ದುಡಿಯುವ ಜಾಗದಲ್ಲಿ 0.5 ಪಾಲು ಮಿತಿ. 4 ಪಾಲು ಆದರೆ ತಕ್ಷಣದ ಅಪಾಯ. 10 ಪಾಲು ಆದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತದೆ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಲ್ಡ್ ರೂಮ್ ಲೆಕ್ಕ ಹಾಕಿ. ಬಾಗಿಲು ಮುಚ್ಚಿದ ಆ ಕೋಣೆಯಲ್ಲಿ ರಾತ್ರಿಯಿಡೀ ಬರೀ 5 ಕೆಜಿ ಗ್ಯಾಸು ಸೋರಿದರೆ ಸುಮಾರು 3 ಘನ ಮೀಟರ್ ಆಗುತ್ತದೆ; ಕೋಣೆಯ ಗಾಳಿಯ ಹತ್ತನೇ ಒಂದು ಪಾಲು. ಬೆಳಿಗ್ಗೆ ಬಾಗಿಲು ತೆರೆದು ಒಳಗೆ ಹೋದವನಿಗೆ ಹೊರಗೆ ಬರುವಷ್ಟು ಸಮಯ ಸಿಗದೇ ಹೋಗಬಹುದು. ಅವನನ್ನು ಎತ್ತಲು ಹೋದವನೂ ಅಲ್ಲೇ ಬೀಳಬಹುದು. ಒಬ್ಬರು ಬಿದ್ದದ್ದು ಕಂಡರೆ ಉಸಿರು ಕಟ್ಟಿ ಒಳಗೆ ನುಗ್ಗಬಾರದು. ಬಾಗಿಲು ಪೂರ್ತಿ ತೆರೆದು, ಸಾಧ್ಯವಾದರೆ ಸಿಲಿಂಡರ್ ಹೊರಗಿನಿಂದಲೇ ಮುಚ್ಚಿ, 112ಕ್ಕೆ ಕರೆ ಮಾಡಬೇಕು.

ಸಿಲಿಂಡರುಗಳನ್ನು ಕೋಲ್ಡ್ ರೂಮಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇಡಿ. ಒಳಗೆ ಪೈಪು ಮಾತ್ರ ಹೋಗಲಿ. ಕೋಣೆಯೊಳಗೆ ನೆಲದಿಂದ ಒಂದು, ಒಂದೂವರೆ ಅಡಿ ಎತ್ತರದಲ್ಲಿ ಇಂಗಾಲದ ಡೈಆಕ್ಸೈಡ್ ಅಲಾರಂ ಹಾಕಿಸಿ. ಅದರ ಸದ್ದೂ ದೀಪವೂ ಬಾಗಿಲಿನ ಹೊರಗೆ ತಿಳಿಯುವಂತಿರಲಿ. ಅಡುಗೆ ಅನಿಲದ ಅಲಾರಂ ಇದನ್ನು ಹಿಡಿಯುವುದಿಲ್ಲ, ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ರಾತ್ರಿ ಅಂಗಡಿ ಮುಚ್ಚುವಾಗ ಸಿಲಿಂಡರ್ ವಾಲ್ವ್ ಮುಚ್ಚುವ ಕೆಲಸ ಒಬ್ಬರ ಹೆಸರಿಗೇ ಇರಲಿ.

ಒಂದು ನೋಟ್‌ಬುಕ್ ಇಡಿ. ದಿನಾ ಬೆಳಿಗ್ಗೆ ಬಿಯರಿನ ಉಷ್ಣಾಂಶ, ಪ್ರತಿ ಗೇಜಿನ ಅಂಕಿ, ಸಿಲಿಂಡರಿನ ತೂಕ, ಅಲಾರಮಿನ ಅಂಕಿ ಬರೆಯಿರಿ. ಐದು ನಿಮಿಷದ ಕೆಲಸ. ಒಂದು ತಿಂಗಳು ಬರೆದರೆ ಯಾವ ರೆಗ್ಯುಲೇಟರ್ ಜಾರುತ್ತಿದೆ, ಯಾವ ಜೋಡಣೆ ಸೋರುತ್ತಿದೆ ಎಂದು ಪುಟವೇ ಹೇಳುತ್ತದೆ. ಆದರೆ ಅಲಾರಂ ಇಲ್ಲದ ಕೋಣೆಯಲ್ಲಿ ಆ ಪುಟ ತುಂಬಿಸಲು ಯಾರನ್ನೂ ಕಳಿಸಬೇಡಿ. ಕೋಲ್ಡ್ ರೂಮಿನ ಬಾಗಿಲನ್ನು ದಿನಾ ಮೊದಲು ತೆರೆಯುವವನು ಮಾಲೀಕನಲ್ಲ, ಕೆಲಸದ ಹುಡುಗ. ಹೊಸ ಟ್ಯಾಪ್ ಹಾಕಿಸುವ ಬಜೆಟ್ಟಿನಲ್ಲಿ ಮೊದಲ ಸಾಲು ಅವನ ಅಲಾರಂ ಆಗಿರಲಿ, ಎರಡನೆಯದು ಒಳ್ಳೆಯ ರೆಗ್ಯುಲೇಟರ್. ಟ್ಯಾಪಿನ ಹಿತ್ತಾಳೆ ಹಿಡಿಗೆ ಆಮೇಲೆ ದುಡ್ಡು ಉಳಿದರೆ ಸಾಕು.